ಊರಲ್ಲಿ ಜಾಸ್ತಿ ದಿನ ಇರೋಣ ಅಂತ

2024ರ ಸೆಪ್ಟೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಭಾರತದ ಪ್ರಜೆಯಾಗಿರುವುದು ನಿಂತುಹೋಯಿತು. ಭಾರತದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಮಲೆನಾಡಿನ ನಮ್ಮ ಮನೆಯಲ್ಲಿ ಆಗ ಮಧ್ಯಾಹ್ನ ಎರಡೂವರೆ. ಅಪ್ಪ ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾಗಿದ್ದಿರಬೇಕು.

ಆದದ್ದು ಇಷ್ಟೇ. ಜರ್ಮನಿಯ ಒಂದು ಕಚೇರಿಯಲ್ಲಿ ಅಧಿಕಾರಿಯೊಬ್ಬರು ಎದ್ದು ನಿಂತರು. ನನ್ನನ್ನೂ ನಿಲ್ಲಿಸಿದರು. ಒಂದು ವಾಕ್ಯ ಓದಿಸಿದರು. ದಪ್ಪ ಕಾಗದವೊಂದನ್ನು ಕೈಗೆ ಕೊಟ್ಟು ಕೈ ಕುಲುಕಿದರು. ಅಲ್ಲಿನ ಕಾನೂನಿನಲ್ಲಿ ಆ ಕಾಗದ ಕೈಗೆ ಬಂದ ಗಳಿಗೆಯೇ ಮುಖ್ಯ, ಆಗಿನಿಂದ ನಾನು ಜರ್ಮನ್. ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅದೇ ಗಳಿಗೆಯಿಂದ ನಾನು ಭಾರತದವಳಲ್ಲ. ಇದಕ್ಕೆ ಅರ್ಜಿ ಹಾಕಬೇಕಿಲ್ಲ, ಸಹಿಯೂ ಬೇಡ, ಯಾರ ಅಪ್ಪಣೆಯೂ ಬೇಡ. ತಾನಾಗಿಯೇ ಕಳಚಿಕೊಳ್ಳುತ್ತದೆ. ಬ್ಯಾಗಿನಲ್ಲಿದ್ದ ನೀಲಿ ಪಾಸ್‌ಪೋರ್ಟ್ ಮಾತ್ರ ಇನ್ನೂ ಐದು ವರ್ಷ ಬಾಳುವ ತಾರೀಖು ಹೊತ್ತುಕೊಂಡು ಏನೂ ಆಗಿಲ್ಲವೆಂಬಂತೆ ಇತ್ತು.

"ಯಾಕೆ ತಗೊಂಡೆ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ. ಊರಲ್ಲಿ ಜಾಸ್ತಿ ದಿನ ಇರೋಣ ಅಂತ. ತಮಾಷೆ ಮಾಡ್ತಿದ್ದೀನಿ ಅಂದುಕೊಳ್ಳುತ್ತಾರೆ.

ನಾನು ಕೆಲಸಕ್ಕೆಂದು ಜರ್ಮನಿಗೆ ಬಂದದ್ದು 2011ರಲ್ಲಿ. ಕೆಲವು ವರ್ಷಗಳ ನಂತರ ಕಾಯಂ ವಾಸದ ಪರವಾನಗಿ ಸಿಕ್ಕಿತು. ಜರ್ಮನ್ ಭಾಷೆಯಲ್ಲಿ ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಂದು ಲೋಟ ಕಾಫಿ ಆರಿರುತ್ತದೆ. 'ಕಾಯಂ' ಅಂದಮೇಲೆ ಇನ್ನೇನು ಎಂದುಕೊಂಡಿದ್ದೆ. 2022ರಲ್ಲಿ ಅಪ್ಪ ತೋಟದ ಕಾಲುಸಂಕದಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅಮ್ಮ ಇಲ್ಲ. ಸಂಬಳವಿಲ್ಲದ ರಜೆ ಹಾಕಿ ಓಡಿದೆ. ಹೋಗುವ ಮೊದಲು ಆ ಪರವಾನಗಿಯ ಸಣ್ಣ ಅಕ್ಷರಗಳನ್ನು ಓದಿದೆ. ಆರು ತಿಂಗಳಿಗಿಂತ ಹೆಚ್ಚು ದೇಶದಿಂದ ಹೊರಗಿದ್ದರೆ ಅದು ತಾನಾಗಿಯೇ ರದ್ದು. ಮೊದಲೇ ಕೇಳಿಕೊಂಡರೆ ಅವಧಿ ಹೆಚ್ಚಿಸಿಕೊಡಬಹುದು ಎಂಬ ದಾರಿಯೂ ಇದೆ. ಕೇಳಿಕೊಂಡೆ. ಮೂರು ಮಿಂಚಂಚೆ ಕಳಿಸಿದೆ. ಒಂದಕ್ಕೂ ಉತ್ತರ ಬರಲಿಲ್ಲ.

ಅಪ್ಪನಿಗೆ ಒಂದು ಅಭ್ಯಾಸ. ನಾನು ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಹೊರಡುವ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಆ ಸಲ ಆರು ತಿಂಗಳಿಗೆ ಹತ್ತು ದಿನ ಕಡಿಮೆ ಇರುವ ತಾರೀಖಿಗೆ ಸುತ್ತು ಬಿತ್ತು. ಆ ದಿನ ಬಂದಾಗ ಅವರು ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು, ಅಷ್ಟೇ. ಇನ್ನೆರಡು ತಿಂಗಳು ಇದ್ದಿದ್ದರೆ ತೋಟಕ್ಕೆ ಇಳಿಯುವಂತಾಗುತ್ತಿದ್ದರು. ಹೊರಟೆ.

ವಿಮಾನದಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ದೇಶದಲ್ಲಿ ಕಾಯಂ ಆಗಿ ಇರಲು ಅನುಮತಿ ಇದೆ, ಆದರೆ ಆ ದೇಶ ಬಿಟ್ಟು ಜಾಸ್ತಿ ದಿನ ಇರಲು ಅನುಮತಿ ಇಲ್ಲ. ಪ್ರಜೆಯಾದವಳಿಗೆ ಈ ಲೆಕ್ಕವೇ ಇಲ್ಲ. ಹತ್ತು ವರ್ಷ ಹೊರಗಿದ್ದು ಬಂದರೂ ಒಳಗೆ ಬಿಡಲೇಬೇಕು. ಇನ್ನೊಂದು ಕಡೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಓಸಿಐ, ಅಂದರೆ 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಕಾರ್ಡ್ ಇದೆ. ಅದಿದ್ದರೆ ಭಾರತಕ್ಕೆ ಜೀವನಪೂರ್ತಿ ಬಂದುಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಅಂದರೆ ಊರಲ್ಲಿ ನಿಶ್ಚಿಂತೆಯಿಂದ ಇರಬೇಕಾದರೆ ನಾನು ಊರಿನ ದೇಶದ ಪೌರತ್ವ ಬಿಡಬೇಕು! ಲೆಕ್ಕ ಸರಿಯಾಗಿತ್ತು. ಮನಸ್ಸು ಒಪ್ಪಿಕೊಳ್ಳಲು ಒಂದು ವರ್ಷ ಹಿಡಿಯಿತು.

2023ರ ಅಕ್ಟೋಬರಿನಲ್ಲಿ ಅರ್ಜಿ ಹಾಕಿದೆ. 255 ಯೂರೋ ಶುಲ್ಕ. ಸಂಬಳದ ಚೀಟಿ, ಪಿಂಚಣಿ ನಿಧಿಯ ಪತ್ರ, ಮನೆ ಬಾಡಿಗೆ ಕರಾರು, ಭಾಷಾ ಪರೀಕ್ಷೆಯ ಪ್ರಮಾಣಪತ್ರ ಎಲ್ಲ ಹೇಗೋ ಹೊಂದಿಸಿದೆ. ಅದನ್ನೆಲ್ಲ ವಿವರಿಸಿ ನಿಮ್ಮ ತಲೆ ತಿನ್ನುವುದಿಲ್ಲ. ಪೌರತ್ವ ಪರೀಕ್ಷೆಯ ಬಗ್ಗೆ ಮಾತ್ರ ಹೇಳುತ್ತೇನೆ. 33 ಪ್ರಶ್ನೆ, ಒಂದು ಗಂಟೆ, 17 ಸರಿಯಾದರೆ ಪಾಸು. ಪ್ರಶ್ನೆಗಳ ಗುಟ್ಟೇನೂ ಇಲ್ಲ. ಇಡೀ ದೇಶಕ್ಕೆ 300, ನಾವಿರುವ ರಾಜ್ಯದ್ದು 10, ಎಲ್ಲ ಮೊದಲೇ ಸಿಗುತ್ತವೆ. ಬರ್ಲಿನ್ ಗೋಡೆ ಕಟ್ಟಿದ್ದು ಯಾವಾಗ, 1961. ಎರಡು ಜರ್ಮನಿ ಒಂದಾದದ್ದು ಯಾವಾಗ, 1990. ಸಂಸತ್ತಿಗೆ ಬರಲು ಪಕ್ಷಕ್ಕೆ ಶೇಕಡಾ ಎಷ್ಟು ಮತ ಬೇಕು, ಐದು. ಅಡುಗೆ ಮಾಡುತ್ತಾ ಬಾಯಿಪಾಠ ಮಾಡಿದೆ. ನನ್ನ ಗಂಡ ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದ. ಅವನು ಅರ್ಜಿ ಹಾಕಲಿಲ್ಲ. "ಒಬ್ಬರಾದ್ರೂ ಇರಲಿ ಬಿಡು" ಅಂದ. ಅದು ತಮಾಷೆಯೋ ನಿಜವೋ ನಾನೂ ಕೇಳಲಿಲ್ಲ.

ಒಂದು ರಾತ್ರಿ ಅವನು ಪುಸ್ತಕ ಮುಚ್ಚಿಟ್ಟು, "ರಾಜ್ಯಸಭೆಯಲ್ಲಿ ಎಷ್ಟು ಸ್ಥಾನ ಇದೆ ಹೇಳು ನೋಡೋಣ" ಎಂದ. ಬಾಯಿ ತೆರೆದವಳು ಹಾಗೇ ಇದ್ದೆ. 245. ಜರ್ಮನಿಯ ಮೇಲ್ಮನೆಯ ಹೆಸರು ನಾಲಿಗೆಯ ತುದಿಯಲ್ಲಿತ್ತು, ನಮ್ಮದರ ಲೆಕ್ಕ ಬರಲಿಲ್ಲ. ಹುಟ್ಟಿದ್ದಕ್ಕೆ ಬಂದ ಪೌರತ್ವಕ್ಕೆ ಯಾರೂ ಪರೀಕ್ಷೆ ಇಡಲಿಲ್ಲವಲ್ಲ. ಇಟ್ಟಿದ್ದರೆ ನಮ್ಮಲ್ಲಿ ಎಷ್ಟು ಜನ ಉಳಿಯುತ್ತಿದ್ದೆವೋ!

ಪರೀಕ್ಷೆಯಲ್ಲಿ 32 ಬಂತು. ತಪ್ಪಿದ ಒಂದು ಯಾವುದು ಅಂತ ಇವತ್ತಿಗೂ ಗೊತ್ತಿಲ್ಲ. ನಮ್ಮ ರಾಜ್ಯದ ಲಾಂಛನದ ಪ್ರಶ್ನೆಯಂತೂ ಅಲ್ಲ. ಬಾಡೆನ್-ವುರ್ಟೆಂಬೆರ್ಗಿನ ಲಾಂಛನದಲ್ಲಿ ಮೂರು ಕಪ್ಪು ಸಿಂಹಗಳಿವೆ. ನಮ್ಮ ಪಾಸ್‌ಪೋರ್ಟಿನ ಮೇಲೆ ಕಾಣುವುದೂ ಮೂರೇ ಸಿಂಹ ಅಲ್ವಾ, ನಾಲ್ಕನೆಯದು ಹಿಂದಿರುತ್ತದೆ. ಮರೆಯುವ ಮಾತೇ ಇರಲಿಲ್ಲ.

ನಿಜವಾದ ತಲೆನೋವು ಹೆಸರಿನದು. ನಮ್ಮ ಕಡೆ ಸರ್‌ನೇಮ್ ಎಂಬುದು ಎಲ್ಲಿದೆ? ನನ್ನ ಭಾರತೀಯ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ನನ್ನ ಹೆಸರು, ಅಪ್ಪನ ಹೆಸರು ಎರಡೂ ಒಂದೇ ಸಾಲಿನಲ್ಲಿ ಕೂತಿದ್ದವು. ಜರ್ಮನ್ ಕಂಪ್ಯೂಟರುಗಳಿಗೆ ಖಾಲಿ ಜಾಗ ಆಗಿಬರುವುದಿಲ್ಲ. ಒಂದೊಂದು ಕಡೆ ಒಂದೊಂದು ಥರ ತುಂಬಿಸಿಕೊಂಡಿದ್ದರು. ಬ್ಯಾಂಕಿನಲ್ಲಿ ನಾನು ಒಬ್ಬಳು, ಆರೋಗ್ಯ ವಿಮೆಯಲ್ಲಿ ಇನ್ನೊಬ್ಬಳು. ದಂತವೈದ್ಯರ ಕಾಯುವ ಕೋಣೆಯಲ್ಲಿ 'ಫ್ರಾವ್' ಎಂದು ಶುರುಮಾಡಿ ಅಪ್ಪನ ಹೆಸರು ಕೂಗುತ್ತಿದ್ದರು. ಅಂದರೆ ಶ್ರೀಮತಿ ಅಪ್ಪ! ಮೊದಮೊದಲು ಎದ್ದು ನಿಲ್ಲುವ ಬದಲು ಸುತ್ತ ನೋಡುತ್ತಿದ್ದೆ, ಅಪ್ಪ ಇಲ್ಲಿಗೂ ಬಂದುಬಿಟ್ಟರಾ ಅಂತ.

ಜರ್ಮನ್ ಪ್ರಜೆಯಾದ ಮೇಲೆ ಜರ್ಮನ್ ಹೆಸರಿನ ಕಾನೂನು ನಮಗೂ ಅನ್ವಯಿಸುತ್ತದೆ. ಇದ್ದ ಹೆಸರುಗಳಲ್ಲೇ ಯಾವುದು ನಿಮ್ಮದು, ಯಾವುದು ಮನೆತನದ್ದು ಎಂದು ಆರಿಸಿ ಘೋಷಿಸಲು ಅದರಲ್ಲಿ ಅವಕಾಶ ಇದೆ. ಜನನ, ಮರಣ, ಮದುವೆ ನೋಂದಾಯಿಸುವ ಕಚೇರಿಗೆ ಹೋಗಿ ಆ ಘೋಷಣೆ ಮಾಡಿದೆ. ಅಲ್ಲಿನ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ಹಾಗಾದರೆ ಇದು ನಿಮ್ಮ ಕುಟುಂಬದ ಹೆಸರಲ್ಲ?" ಎಂದರು. ಅಲ್ಲ, ಅಪ್ಪನದು. "ಹಾಗಾದರೆ ನಿಮ್ಮ ಅಪ್ಪನ ಕುಟುಂಬದ ಹೆಸರು?" ಅವರಿಗೂ ಅವರಪ್ಪನ ಹೆಸರು. ಆಕೆ ಪೆನ್ನು ಕೆಳಗಿಟ್ಟು ನಕ್ಕರು. ಕೊನೆಗೆ ಅಪ್ಪನ ಹೆಸರೇ ಮನೆತನದ ಹೆಸರಾಯಿತು. ಸುದ್ದಿ ಹೇಳಿದಾಗ ಅಪ್ಪನಿಗೆ ಪೌರತ್ವಕ್ಕಿಂತ ಇದೇ ದೊಡ್ಡದಾಗಿ ಕಂಡಿತು. "ಅಂದ್ರೆ ಆ ದೇಶದಲ್ಲಿ ನನ್ನ ಹೆಸರಿನ ಒಂದು ವಂಶ ಶುರುವಾಯ್ತು ಅನ್ನು" ಎಂದರು.

ಇದು ಆಮೇಲಿನ ಮಾತು. ಮತ್ತೆ ಆ ಮಂಗಳವಾರಕ್ಕೆ ಬರುತ್ತೇನೆ.

ಅರ್ಜಿ ಹಾಕಿ ಹನ್ನೊಂದು ತಿಂಗಳು ಆಗಿತ್ತು. ಅಷ್ಟರಲ್ಲಿ ಕಾನೂನೇ ಬದಲಾಗಿತ್ತು. 2024ರ ಜೂನ್ 27ರಿಂದ ಜರ್ಮನಿ ಎರಡೆರಡು ಪೌರತ್ವ ಇಟ್ಟುಕೊಳ್ಳುವುದಕ್ಕೆ ಒಪ್ಪಿತು. ಕಾಯುವ ವರ್ಷಗಳೂ ಎಂಟರಿಂದ ಐದಕ್ಕೆ ಇಳಿದವು. ಕಾರಿಡಾರಿನಲ್ಲಿ ನನ್ನ ಪಕ್ಕ ಟರ್ಕಿ ಮೂಲದ ಹೆಂಗಸೊಬ್ಬರು ಕೂತಿದ್ದರು. ವಯಸ್ಸು ಅರವತ್ತರ ಮೇಲೆ. ನಲವತ್ತು ವರ್ಷ ಇಲ್ಲೇ ದುಡಿದವರು. ತಮ್ಮದನ್ನು ಬಿಡಬೇಕಲ್ಲ ಎಂದು ಇಷ್ಟು ವರ್ಷ ಅರ್ಜಿಯನ್ನೇ ಹಾಕಿರಲಿಲ್ಲ. "ಈಗ ಎರಡೂ ಇಟ್ಕೋಬಹುದಲ್ಲ, ನಿಮಗೂ ಸಂತೋಷ ಅಲ್ವಾ?" ಎಂದು ನನ್ನ ಮೊಣಕೈ ತಟ್ಟಿದರು. ಇವರು ಒಪ್ಪುತ್ತಾರೆ, ನಮ್ಮವರು ಒಪ್ಪುವುದಿಲ್ಲ ಎಂದೆ. ನಮ್ಮ ಸಂವಿಧಾನದ 9ನೇ ವಿಧಿಯಲ್ಲೇ ಇದರ ಬೀಜ ಇದೆ. ತಾನಾಗಿ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪ್ರಜೆಗಳಲ್ಲ ಎಂಬ ಮಾತು. ದೇಶ ಒಡೆದು ಲಕ್ಷಾಂತರ ಜನ ಗಡಿಯ ಆಕಡೆ ಈಕಡೆ ಓಡಾಡುತ್ತಿದ್ದ ಕಾಲದಲ್ಲಿ ಬರೆದದ್ದು. ಆಕೆಗೆ ಇಷ್ಟೆಲ್ಲ ಹೇಳಲಿಲ್ಲ. ಆಕೆ ಮಾತ್ರ "ಅಯ್ಯೋ" ಎನ್ನುವಂಥದ್ದೇನೋ ಟರ್ಕಿಶ್‌ನಲ್ಲಿ ಅಂದು ಮೊಣಕೈಯನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ನಾನೊಬ್ಬಳೇ ಅಲ್ಲ ಬಿಡಿ. 2022 ಒಂದೇ ವರ್ಷದಲ್ಲಿ 2,25,620 ಜನ ಭಾರತದ ಪೌರತ್ವ ಬಿಟ್ಟರು ಎಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ.

ಒಳಗೆ ಓದಿಸಿದ ವಾಕ್ಯದ ಸಾರ ಇಷ್ಟು: ಈ ದೇಶದ ಸಂವಿಧಾನವನ್ನೂ ಕಾನೂನುಗಳನ್ನೂ ಗೌರವಿಸುತ್ತೇನೆ, ದೇಶಕ್ಕೆ ಹಾನಿಯಾಗುವ ಯಾವುದನ್ನೂ ಮಾಡುವುದಿಲ್ಲ. ಪ್ರೀತಿಸುತ್ತೇನೆ ಎಂದು ಹೇಳಿಸಲಿಲ್ಲ. ಹಳೆಯದನ್ನು ಮರೆಯುತ್ತೇನೆ ಎಂದೂ ಹೇಳಿಸಲಿಲ್ಲ. ಅಳು ಬರಬಹುದೇನೋ ಎಂದು ಕರವಸ್ತ್ರ ಹಿಡಿದುಕೊಂಡು ಹೋಗಿದ್ದೆ, ಬೇಕಾಗಲಿಲ್ಲ.

ಕಾಗದದ ಜೊತೆ ಸಂವಿಧಾನದ ಒಂದು ಪುಟ್ಟ ಪ್ರತಿ ಕೊಟ್ಟಿದ್ದರು. ವಾಪಸು ಬರುವಾಗ ಟ್ರಾಮಿನಲ್ಲಿ ಸುಮ್ನೆ ತಿರುವಿದೆ. 16ನೇ ವಿಧಿ ಕಣ್ಣಿಗೆ ಬಿತ್ತು. ಜರ್ಮನ್ ಪೌರತ್ವವನ್ನು ಕಿತ್ತುಕೊಳ್ಳುವಂತಿಲ್ಲ. ಇಷ್ಟು ಖಡಾಖಂಡಿತವಾಗಿ ಬರೆಯಬೇಕಾದರೆ ಹಿಂದೆ ಯಾರೋ ಕಿತ್ತುಕೊಂಡಿರಬೇಕಲ್ಲ. ಕಿತ್ತುಕೊಂಡಿದ್ದರು. 1941ರ ನವೆಂಬರಿನಲ್ಲಿ ನಾಜಿ ಸರ್ಕಾರ ಒಂದೇ ಆದೇಶದಲ್ಲಿ ದೇಶದ ಹೊರಗಿದ್ದ ಯಹೂದಿಗಳ ಪೌರತ್ವ ತೆಗೆದುಹಾಕಿತು. ಹಾನಾ ಆರೆಂಟ್ ಎಂಬ ಚಿಂತಕಿಯ ಪೌರತ್ವವನ್ನು ಅದಕ್ಕೂ ಮೊದಲೇ, 1937ರಲ್ಲಿ, ಕಿತ್ತುಕೊಂಡಿದ್ದರು. 1951ರಲ್ಲಿ ಅಮೆರಿಕದ ಪೌರತ್ವ ಸಿಗುವವರೆಗೆ ಹದಿನಾಲ್ಕು ವರ್ಷ ಆಕೆಗೆ ಯಾವ ದೇಶವೂ ಇರಲಿಲ್ಲ. ನಾವಿರುವ ಬೀದಿಯ ಕಲ್ಲುಹಾಸಿನಲ್ಲೂ ಅಂಥವರ ಹೆಸರು ಕೆತ್ತಿದ ಪುಟ್ಟ ಹಿತ್ತಾಳೆ ಫಲಕಗಳಿವೆ, ಅವರು ಕೊನೆಯದಾಗಿ ವಾಸವಿದ್ದ ಮನೆಗಳ ಮುಂದೆ. ಹದಿಮೂರು ವರ್ಷ ಅವುಗಳನ್ನು ದಾಟಿಕೊಂಡು ಓಡಾಡಿದ್ದೆ. ಆ ದಿನ ನಿಂತು ಓದಿದೆ.

ನವೆಂಬರಿನಲ್ಲಿ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿದೆ. ಅದನ್ನು ಒಪ್ಪಿಸಿ ಪತ್ರ ಪಡೆಯದೆ ಓಸಿಐ ಅರ್ಜಿ ಮುಂದೆ ಹೋಗುವುದಿಲ್ಲ. ಕೌಂಟರಿನ ಹುಡುಗ ಪುಟ ಎಣಿಸಿ, ರಸೀದಿ ಕೊಟ್ಟು, ಮುಂದಿನವರನ್ನು ಕರೆದ. ಆ ಪುಸ್ತಕದ ಒಳಗೆ ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕೋರಿಕೆ ಇರುತ್ತದೆ, ಗಮನಿಸಿದ್ದೀರಾ? ಇದನ್ನು ಹಿಡಿದವರನ್ನು ಅಡೆತಡೆಯಿಲ್ಲದೆ ಹೋಗಲು ಬಿಡಿ, ಬೇಕಾದ ನೆರವು ಮತ್ತು ರಕ್ಷಣೆ ಕೊಡಿ ಎಂದು. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಅದನ್ನು ಎದೆಗವಚಿಕೊಂಡು ನಿಂತಿದ್ದೆ, ಒಮ್ಮೆಯೂ ಆ ಸಾಲು ಓದಿರಲಿಲ್ಲ. ಕೆಲವು ವಾರಗಳಲ್ಲಿ ಪಾಸ್‌ಪೋರ್ಟ್ ಅಂಚೆಯಲ್ಲಿ ವಾಪಸು ಬಂತು, 'ರದ್ದು' ಎಂಬ ಮುದ್ರೆಯೊಂದಿಗೆ. ಕೋರಿಕೆಯ ಸಾಲು ಹಾಗೇ ಇತ್ತು.

ಓಸಿಐ ಬರುವುದರೊಳಗೆ, 2025ರ ಜನವರಿಯಲ್ಲಿ, ಫೋನ್ ಬಂತು. ಅಪ್ಪ ಮತ್ತೆ ಬಿದ್ದಿದ್ದಾರೆ. ಈ ಸಲ ಬಚ್ಚಲಿನಲ್ಲಿ.

ಹೊಸ ಪಾಸ್‌ಪೋರ್ಟ್ ಇದೆ, ಓಸಿಐ ಇಲ್ಲ. ಅಂದರೆ ಹುಟ್ಟಿದ ಮನೆಗೆ ಹೋಗಲು ವೀಸಾ ಬೇಕು. ರಾತ್ರಿ ಒಂದು ಗಂಟೆಗೆ ಕೂತು ಇ-ವೀಸಾ ಅರ್ಜಿ ತುಂಬಿದೆ. ಆ ಅರ್ಜಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಿಂದೆ ಭಾರತಕ್ಕೆ ಭೇಟಿ ಕೊಟ್ಟಿದ್ದೀರಾ? ನೋಡಬೇಕೆಂದಿರುವ ಸ್ಥಳಗಳು ಯಾವುವು? ಪೌರತ್ವ ಹುಟ್ಟಿನಿಂದ ಬಂದದ್ದೋ ಆಮೇಲೆ ಪಡೆದದ್ದೋ? ಭಾರತದಲ್ಲಿ ನಿಮ್ಮನ್ನು ಬಲ್ಲವರ ಹೆಸರು, ವಿಳಾಸ, ಫೋನ್ ನಂಬರ್? 'ಬಲ್ಲವರು' ಎಂಬಲ್ಲಿ ಅಪ್ಪನ ಹೆಸರು ಬರೆದೆ. 'ನೋಡಬೇಕೆಂದಿರುವ ಸ್ಥಳ' ಎಂಬಲ್ಲಿ ನಮ್ಮ ತಾಲ್ಲೂಕಿನ ಹೆಸರು. ಅಲ್ಲಿ ನೋಡಲು ಏನಿದೆ ಎಂದು ವೀಸಾ ಕೊಡುವವರಿಗೆ ಅನುಮಾನ ಬಂದಿದ್ದರೆ ಅದು ಅವರ ತಪ್ಪಲ್ಲ. ಮೂವತ್ತು ದಿನ ಇರಲು ವೀಸಾ ಬಂತು.

ಬೆಂಗಳೂರಿನಲ್ಲಿ ಇಳಿದು ವಿದೇಶಿಯರ ಸಾಲಿನಲ್ಲಿ ನಿಂತೆ. ಬೆರಳಚ್ಚು ಕೊಟ್ಟೆ. ಅಧಿಕಾರಿ ಪಾಸ್‌ಪೋರ್ಟಿನಲ್ಲಿ ನಾನು ಹುಟ್ಟಿದ ಊರು ನೋಡಿ ಕನ್ನಡಕ್ಕೆ ತಿರುಗಿದರು. "ಎಷ್ಟು ದಿನ ಇರ್ತೀರಾ ಮೇಡಂ?" ಮರ್ಯಾದೆಯಿಂದಲೇ ಕೇಳಿದರು, ಕೇಳುವುದು ಅವರ ಕೆಲಸ. ಆದರೆ ಆ ಪ್ರಶ್ನೆಯನ್ನು ಬೇರೆ ದೇಶಗಳ ಕಟ್ಟೆಗಳಲ್ಲಿ ನೂರು ಸಲ ಕೇಳಿಸಿಕೊಂಡಿದ್ದೆ, ಬೆಂಗಳೂರಿನಲ್ಲಿ ಒಂದು ಸಲವೂ ಇಲ್ಲ. ಉತ್ತರ ಕೊಡಲು ಒಂದು ಕ್ಷಣ ಹಿಡಿಯಿತು. ಕರವಸ್ತ್ರ ಬೇಕಾದದ್ದು ಅಲ್ಲಿ.

ಮನೆಗೆ ಹೋದರೆ ಅಪ್ಪನ ಕೈಗೆ ಬ್ಯಾಂಡೇಜು, ಬಾಯಿಗೆ ಏನೂ ಆಗಿರಲಿಲ್ಲ. ಮೊದಲು ಕೇಳಿದ್ದೇ, "ತಾರೀಖು ಎಷ್ಟು?" ಮೂವತ್ತನೇ ದಿನಕ್ಕಿಂತ ಎರಡು ದಿನ ಹಿಂದಿನ ತಾರೀಖು ಹೇಳಿದೆ. ಎಡಗೈಯಲ್ಲಿ ಸೊಟ್ಟಸೊಟ್ಟ ಸುತ್ತು ಹಾಕಿದರು.

ಆ ವಾರವೇ ಕಬ್ಬಿಣದ ಪೆಟ್ಟಿಗೆಯಿಂದ ಪಹಣಿ ತೆಗೆದರು. ಅಪ್ಪ ಸ್ವಂತ ದುಡಿದು ಕೊಂಡ ಒಂದು ಎಕರೆ ಅಡಿಕೆ ತೋಟ ಇದೆ. "ಇರುವಾಗಲೇ ನಿನ್ನ ಹೆಸರಿಗೆ ದಾನಪತ್ರ ಮಾಡಿಸಿಬಿಡ್ತೀನಿ" ಎಂದರು. ಆಗುವುದಿಲ್ಲ ಎಂದೆ. ವಿದೇಶಿ ಪ್ರಜೆಯಾದವರು, ಓಸಿಐ ಇದ್ದರೂ, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಊರಲ್ಲಿ ಮನೆ, ಪೇಟೆಯಲ್ಲಿ ಫ್ಲ್ಯಾಟು ಬೇಕಾದರೆ ಕೊಳ್ಳಬಹುದು. ತೋಟ ಮಾತ್ರ ವಾರಸಾಗಿ ಬಂದರಷ್ಟೇ ಸಿಗುತ್ತದೆ. ಮಾರುವುದಾದರೆ ಇಲ್ಲೇ ವಾಸವಿರುವ ಭಾರತೀಯರಿಗೆ ಮಾತ್ರ.

ಅಪ್ಪ ಸ್ವಲ್ಪ ಹೊತ್ತು ಪಹಣಿಯನ್ನೇ ನೋಡಿದರು. "ಅಂದ್ರೆ ನಾನು ಇದ್ದಾಗ ಕೊಡೋ ಹಾಗಿಲ್ಲ, ಹೋದ ಮೇಲೆ ಬರುತ್ತೆ?"

"ಹೂಂ."

"ಸರ್ಕಾರ ಬುದ್ಧಿವಂತ" ಎಂದರು. "ಇರೋವಾಗಲೇ ತೋಟ ಕೊಟ್ರೆ ಮಕ್ಕಳು ಅಪ್ಪನ್ನ ನೋಡಲ್ಲ ಅಂತ ಅದಕ್ಕೂ ಗೊತ್ತು."

ಇಬ್ಬರೂ ನಕ್ಕೆವು. ಪಹಣಿ ಮತ್ತೆ ಪೆಟ್ಟಿಗೆ ಸೇರಿತು.

ಫೆಬ್ರವರಿಯಲ್ಲಿ ವಾಪಸು ಬಂದಾಗ ಅಂಚೆ ಪೆಟ್ಟಿಗೆಯಲ್ಲಿ ಮತದಾನದ ಸೂಚನೆ ಕಾದಿತ್ತು. ನಾನು ಹೆಸರು ಸೇರಿಸಿ ಎಂದು ಎಲ್ಲೂ ಕೇಳಿರಲಿಲ್ಲ. ವಿಳಾಸ ನೋಂದಣಿ ಇದ್ದರೆ ಸಾಕು, ಪ್ರಜೆಯಾದವರ ಹೆಸರು ತಾನಾಗಿ ಪಟ್ಟಿಗೆ ಹೋಗುತ್ತದೆ. ಹಿಂದೆ ನಾನು ಓಟು ಹಾಕಿದ್ದು 2009ರ ಲೋಕಸಭಾ ಚುನಾವಣೆಯಲ್ಲಿ. 2011ರಿಂದ ಅನಿವಾಸಿ ಭಾರತೀಯರೂ ಪಟ್ಟಿಗೆ ಸೇರಬಹುದು, ಆದರೆ ಓಟು ಹಾಕಲು ಊರಿನ ಮತಗಟ್ಟೆಗೇ ಬರಬೇಕು. ಒಂದು ಸಲವೂ ಚುನಾವಣೆಗೂ ನನ್ನ ರಜೆಗೂ ತಾಳೆಯಾಗಲಿಲ್ಲ. ಇಲ್ಲಿ ತೆರಿಗೆ ಕಟ್ಟುತ್ತಿದ್ದೆ, ಓಟಿಲ್ಲ. ಅಲ್ಲಿ ಓಟಿತ್ತು, ನಾನಿರಲಿಲ್ಲ. ಹದಿನಾರು ವರ್ಷ ಯಾವ ಸರ್ಕಾರವನ್ನೂ ಬೈಯುವ ಪೂರ್ತಿ ಹಕ್ಕಿಲ್ಲದೆ ಎರಡನ್ನೂ ಬೈದುಕೊಂಡು ಕಳೆದೆ.

ಫೆಬ್ರವರಿ 23, ಭಾನುವಾರ. ಮತಗಟ್ಟೆ ಒಂದು ಶಾಲೆಯಲ್ಲಿತ್ತು. ಯಂತ್ರ ಇಲ್ಲ, ಕಾಗದ ಮತ್ತು ಪೆನ್ನು. ಒಬ್ಬೊಬ್ಬರಿಗೆ ಎರಡು ಓಟು. ಎಡಗಡೆ ಕಪ್ಪು ಅಕ್ಷರದಲ್ಲಿ ಕ್ಷೇತ್ರದ ಅಭ್ಯರ್ಥಿಗಳು, ಬಲಗಡೆ ನೀಲಿ ಅಕ್ಷರದಲ್ಲಿ ಪಕ್ಷಗಳು. ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಿದೆ. ಆಮೇಲೆ ಅಭ್ಯಾಸಬಲದಿಂದ ಎಡಗೈ ತೋರುಬೆರಳನ್ನು ಮುಂದೆ ಚಾಚಿದೆ. ಮೇಜಿನ ಹಿಂದಿದ್ದ ಹುಡುಗನಿಗೆ ಅರ್ಥವಾಗಲಿಲ್ಲ. ನಾನು ಏನನ್ನೋ ಬೆಟ್ಟು ಮಾಡಿ ತೋರಿಸುತ್ತಿದ್ದೇನೆ ಎಂದುಕೊಂಡು ಹಿಂದೆ ತಿರುಗಿ ನೋಡಿದ. ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ 1962ರ ಚುನಾವಣೆಯಿಂದ ತಯಾರಾಗುತ್ತಿರುವ ಶಾಯಿಯ ಬಗ್ಗೆ ಅವನಿಗೆ ಎಲ್ಲಿಂದ ಹೇಳಲಿ. ಬೆರಳು ಮಡಚಿಕೊಂಡು ಆಚೆ ಬಂದೆ. ನನ್ನ ಗಂಡ ಹೊರಗೆ ಚಳಿಯಲ್ಲಿ ಕಾಯುತ್ತಿದ್ದ. ಅವನಿಗೆ ಒಳಗೆ ಕೆಲಸವಿರಲಿಲ್ಲ.

ಮಾರ್ಚಿನಲ್ಲಿ ಓಸಿಐ ಬಂತು. ಅದೂ ನೋಡಲು ಪಾಸ್‌ಪೋರ್ಟಿನಂಥದ್ದೇ ಒಂದು ಪುಸ್ತಕ. ಹೆಸರಿನಲ್ಲಿ 'ಸಿಟಿಜನ್' ಎಂದಿದೆ, 2005ರಲ್ಲಿ ಇದನ್ನು ತಂದವರು ಆ ಹೆಸರು ಯಾಕಿಟ್ಟರೋ. ಇದರಲ್ಲಿ ಓಟಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ಕೆಲಸವಿಲ್ಲ. ಇದು ಪೌರತ್ವ ಅಲ್ಲ, ಬಂದು ಇರಲು ಬಿಡುವ ವೀಸಾ. ನನಗೆ ಬೇಕಾಗಿದ್ದದ್ದೂ ಅದೇ ಆದ್ದರಿಂದ ದೂರುವ ಹಾಗಿಲ್ಲ. ಆದರೂ ಮನೆಗೆ ಬಂದವರಿಗೆ ಅದನ್ನು ತೋರಿಸುವಾಗ, "ಹಾಗಾದ್ರೆ ಎರಡೂ ಇದೆ ಅನ್ನಿ" ಎಂದು ಅವರು ಹೇಳಿದರೆ ನಾನು ಪ್ರತಿ ಸಲವೂ ತಿದ್ದುವುದಿಲ್ಲ.

2025ರ ಅಕ್ಟೋಬರಿನಲ್ಲಿ, ಕೊಯ್ಲು ಶುರುವಾಗುವ ಹೊತ್ತಿಗೆ, ರಜೆ ಹಾಕಿ ಊರಿಗೆ ಹೋದೆ. ಬ್ಯಾಗು ಇಳಿಸಿ ಕಾಲು ತೊಳೆದು ಒಳಗೆ ಬಂದರೆ ಅಪ್ಪ ಕ್ಯಾಲೆಂಡರಿನ ಮುಂದೆ ಕೆಂಪು ಪೆನ್ನು ಹಿಡಿದು ನಿಂತಿದ್ದರು.

"ತಾರೀಖು ಎಷ್ಟು?"

"ಇನ್ನೂ ಗೊತ್ತಿಲ್ಲ" ಎಂದೆ.

ಮುಂದಿನ ಹಾಳೆ ಎತ್ತಿ ನೋಡಿದರು, ಅದರ ಮುಂದಿನದನ್ನೂ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.